ಬೋಟಿನಲ್ಲಿ ಆಂಪ್ಲಿಫೈಯರ್: ಗೇನ್ ತಿರುಗಿಸುವ ಮೊದಲು ಬ್ಯಾಟರಿ ಹತ್ತಿರ ಹೋಗಿ

ಗಂಗೊಳ್ಳಿಯಿಂದ ಪ್ರಶ್ನೆ ಹಾಕಿದ ಅಣ್ಣನವರಿಗೆ,

ನಿಮ್ಮ ಮೆಸೇಜು, ಹಾಕಿದ ನಾಲ್ಕೂ ಫೋಟೋ ನೋಡಿದೆ. ಉಳಿದವರಿಗೂ ಗೊತ್ತಾಗಲಿ ಅಂತ ವಿಷಯ ಒಮ್ಮೆ ಹೇಳಿಬಿಡುತ್ತೇನೆ. ಇವರದ್ದು ಸ್ಟೀಲ್ ಟ್ರಾಲ್ ಬೋಟು, ಇಂಜಿನ್ನಿನ ಲೈನು 24 ವೋಲ್ಟ್, ಒಂದರ ಪ್ಲಸ್ ಇನ್ನೊಂದರ ಮೈನಸಿಗೆ ಕೊಟ್ಟು ಎರಡು ಬ್ಯಾಟರಿ ಸೀರೀಸ್‌ನಲ್ಲಿ ಉಂಟು. ಅದಕ್ಕೆ ಕಾರಿನ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಕೂರಿಸಿದ್ದಾರೆ. ಕ್ಯಾಬಿನ್ನಿನೊಳಗೆ ಎರಡು ಸ್ಪೀಕರ್, ಹಿಂದೆ ಡೆಕ್ಕಿನಲ್ಲಿ ಬಲೆ ಎಳೆಯುವವರಿಗೆ ಎರಡು. ಇಂಜಿನ್ ರೇಸ್ ಮಾಡಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅನ್ನುವ ಸ್ವರ ಏರುತ್ತದೆ. ಹತ್ತು ನಿಮಿಷ ಜೋರಾಗಿ ಹಾಕಿದರೆ ಅಪಾಯ ತೋರಿಸುವ ಪ್ರೊಟೆಕ್ಟ್ ಲೈಟ್ ಕೆಂಪಾಗಿ ಆಂಪು, ಅಂದರೆ ಆಂಪ್ಲಿಫೈಯರ್, ಬಂದ್. ಹಾಡು ಇಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ ಅಂತ ಆಂಪಿನ ಗೇನ್ ಅನ್ನುವ ತಿರುಪನ್ನು ಕೊನೆಯವರೆಗೆ ತಿರುಗಿಸಿದ್ದಾರೆ. "ಗೇನ್ ಎಷ್ಟಕ್ಕೆ ಇಡಬೇಕು?" ಅಂತ ಪ್ರಶ್ನೆ.

ಅಣ್ಣ, ಗೇನಿಗೆ ಆಮೇಲೆ ಬರುವ. ನಿಮ್ಮ ಮೂರನೇ ಫೋಟೋ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಂಪಿನ ಕೆಂಪು ವಯರನ್ನು ಎರಡು ಬ್ಯಾಟರಿಯ ನಡುವಿನ ಕೊಂಡಿಯಿಂದ ಎಳೆದಿದ್ದೀರಿ. ಅಂದರೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದ ಹಾಗೆ. ಇದನ್ನು ತುಂಬ ಜನ ಮಾಡುತ್ತಾರೆ, ಹಾಡೂ ಬರುತ್ತದೆ. ಆದರೆ ಆಲ್ಟರ್ನೇಟರ್ ಚಾರ್ಜ್ ಮಾಡುವಾಗ ಎರಡನ್ನೂ ಒಟ್ಟಿಗೆ ನೋಡುತ್ತದೆ, ಒಟ್ಟು 28 ವೋಲ್ಟ್ ಆಸುಪಾಸು ಬಂದರೆ ಅದರ ಕೆಲಸ ಆಯಿತು. ಹಾಡಿಗೆ ಕರೆಂಟ್ ಕೊಟ್ಟ ಬ್ಯಾಟರಿ ಯಾವಾಗಲೂ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಇನ್ನೊಂದಕ್ಕೆ ಹೆಚ್ಚು ವೋಲ್ಟ್ ಬಿದ್ದು ನೀರು ಕುದಿಯುತ್ತದೆ. ಕೆಲವು ತಿಂಗಳಲ್ಲಿ ಎರಡೂ ಹೋಗುತ್ತವೆ, ಹೋಗುವುದು ಮಾತ್ರ ಬೇರೆ ಬೇರೆ ಕಾರಣಕ್ಕೆ.

ನಮ್ಮ ಮಾವನ ಬೋಟಿನಲ್ಲಿ ಹೀಗೇ ಆಗಿತ್ತು. ವಯರ್ ಎಳೆದವನು ನಾನೇ, ಆಗ ನನಗೆ ಇದು ಗೊತ್ತಿರಲಿಲ್ಲ. ರಾತ್ರಿ ಇಂಜಿನ್ ನಿಲ್ಲಿಸಿ ಮಲಗಿದವರು ಬೆಳಗಿನ ಜಾವ ಬಲೆ ಹಾಕಲು ಎದ್ದು ಸ್ಟಾರ್ಟ್ ಒತ್ತಿದರೆ ಟಕ್ ಅಂದಿತು, ಅಷ್ಟೇ. ಬೇರೆ ಬೋಟಿನವರು ಹಗ್ಗ ಕಟ್ಟಿ ಮಲ್ಪೆಗೆ ಎಳೆದು ತರಬೇಕಾಯಿತು. ಅವತ್ತು ಸಮುದ್ರ ಸುಮ್ಮನಿತ್ತು, ಹಾಗಾಗಿ ಬಚಾವ್. ಇಂಜಿನ್ ಸ್ಟಾರ್ಟ್ ಮಾಡುವ ಎರಡು ಬ್ಯಾಟರಿಯಲ್ಲಿ ಒಂದನ್ನು ಮಾತ್ರ ಹಾಡಿಗೆ ಮುಟ್ಟಬೇಡಿ ಅಂತ ನಾನು ಎಲ್ಲರ ಹತ್ತಿರವೂ ಹಟ ಹಿಡಿದು ಹೇಳುವುದು ಅವತ್ತಿನಿಂದ.

ಸರಿಯಾದ ದಾರಿ ಅಂದರೆ 24ರಿಂದ 12 ವೋಲ್ಟ್ ಮಾಡುವ ಡಿಸಿ ಕನ್ವರ್ಟರ್. ನಿಮ್ಮ ಆಂಪಿನ ಬಾಕ್ಸಿನ ಮೇಲೆ 1800 ವ್ಯಾಟ್ ಅಂತ ಉಂಟು, ಅದನ್ನು ನಂಬಬೇಡಿ, ಫ್ಯೂಸ್ ನೋಡಿ. ಫೋಟೋದಲ್ಲಿ 30 ಆಂಪಿಯರಿನ ಒಂದೇ ಫ್ಯೂಸ್ ಕಾಣುತ್ತದೆ. 13.8 ವೋಲ್ಟಿಗೆ 30 ಆಂಪಿಯರ್ ಅಂದರೆ ಒಳಗೆ ಹೋಗುವುದೇ 414 ವ್ಯಾಟ್. ಕ್ಲಾಸ್ ಎಬಿ ಅನ್ನುವ ಬಗೆಯ ಆಂಪು ಅದರಲ್ಲಿ ಸುಮಾರು ಅರ್ಧ ಬಿಸಿಯಾಗಿ ಕಳೆಯುತ್ತದೆ. ಉಳಿದದ್ದು 200 ವ್ಯಾಟ್, ಚಾನೆಲ್ಲಿಗೆ 50. ಮ್ಯಾನುಯಲ್ಲಿನಲ್ಲಿ ಆರ್‌ಎಂಎಸ್ (ನಿರಂತರ ಕೊಡುವ ಶಕ್ತಿ) ಅಂತ ಬರೆದದ್ದೂ ಅಷ್ಟೇ. ಹಾಗಾಗಿ 13.8 ವೋಲ್ಟ್ ಔಟ್‌ಪುಟ್ ಇರುವ 30 ಆಂಪಿಯರಿನ ಕನ್ವರ್ಟರ್ ತೆಗೆದುಕೊಂಡರೆ ಸಾಕು. ನಿರಂತರ 30 ಆಂಪಿಯರ್ ಕೊಡಬೇಕು, ಪೀಕ್ 30 ಅಂತ ಬರೆದದ್ದು ಬೇಡ. ಅದನ್ನು ಬ್ಯಾಟರಿ ಪಕ್ಕ ಇಡಬೇಡಿ, ಆಂಪಿನ ಹತ್ತಿರ ಇಡಿ. ಉದ್ದದ ವಯರಿನಲ್ಲಿ 24 ವೋಲ್ಟ್ ಹೋದರೆ ಆಂಪಿಯರ್ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ವಯರಿನಲ್ಲಿ ಕಳೆಯುವ ವೋಲ್ಟೂ ಕಡಿಮೆ.

ಈಗ ಎಷ್ಟು ಕಳೆಯುತ್ತಿದೆ ಅಂತ ಲೆಕ್ಕ ಹಾಕಿ ನೋಡಿ. ನೀವು ಹಾಕಿದ್ದು 4 ಚದರ ಮಿ.ಮೀ. ವಯರು, ಬ್ಯಾಟರಿಯಿಂದ 6 ಮೀಟರ್. ಆ ವಯರಿಗೆ ಮೀಟರಿಗೆ ಸುಮಾರು 5 ಮಿಲಿ ಓಮ್ ರೆಸಿಸ್ಟೆನ್ಸ್. ಹಾಡಿನಲ್ಲಿ ಡೋಲು ಬಡಿದಾಗ 30 ಆಂಪಿಯರ್ ಎಳೆದರೆ ದಾರಿಯಲ್ಲೇ 0.9 ವೋಲ್ಟ್ ಹೋಯಿತು. 12.6 ಇದ್ದ ಬ್ಯಾಟರಿ ಆಂಪಿನ ಬಾಯಿಗೆ ಬರುವಾಗ 11.7. ಸ್ವರ ಒಡೆಯುವುದು, ಲೈಟ್ ಕೆಂಪಾಗುವುದು ಎರಡಕ್ಕೂ ಇದು ಒಂದು ಕಾರಣ. ಕನ್ವರ್ಟರ್ ಹಾಕಿ 24 ವೋಲ್ಟಿನ ಕಡೆ 10 ಚದರ ಮಿ.ಮೀ. ಎಳೆದರೆ ಅರ್ಧ ವೋಲ್ಟೂ ಬೀಳುವುದಿಲ್ಲ. ಫ್ಯೂಸ್ ಮಾತ್ರ ಬ್ಯಾಟರಿ ಹತ್ತಿರವೇ ಇರಬೇಕು, 7 ಇಂಚಿನೊಳಗೆ. ಆಂಪಿನ ಒಳಗಿನ ಫ್ಯೂಸ್ ಆಂಪನ್ನು ಕಾಯುತ್ತದೆ, ನಡುವಿನ ವಯರನ್ನು ಕಾಯುವುದಿಲ್ಲ. ಅಲುಗಾಟಕ್ಕೆ ವಯರ್ ಸವೆದು ಕಬ್ಬಿಣಕ್ಕೆ ತಾಗಿದರೆ ಇಂಜಿನ್ ರೂಮಿನಲ್ಲಿ ಬೆಂಕಿ.

ತವರ ಲೇಪಿಸಿದ ತಾಮ್ರದ ವಯರ್, ಟಿನ್ಡ್ ಅಂತ ಕೇಳಿದರೆ ಕೊಡುತ್ತಾರೆ, ಸಿಕ್ಕಿದರೆ ಅದನ್ನೇ ತನ್ನಿ. ಹೋದ ವರ್ಷ ಒಂದು ಬೋಟಿನ ಸ್ಪೀಕರ್ ವಯರ್ ಬಿಚ್ಚಿದೆ. ಹೊರಗೆ ಪ್ಲಾಸ್ಟಿಕ್ ಹೊಸತರ ಹಾಗೆ ಪಳಪಳ. ತುದಿ ಕತ್ತರಿಸಿ ಸುಲಿದರೆ ತಾಮ್ರ ಕಪ್ಪು. ಇನ್ನೊಂದು ಇಂಚು ಸುಲಿದೆ, ಕಪ್ಪು. ಒಂದು ಗೇಣು ಸುಲಿದ ಮೇಲೆ ಕೆಂಪು ತಾಮ್ರ ಕಂಡಿತು, ಅಲ್ಲಿಯೂ ಎಳೆಗಳ ನಡುವೆ ಹಸಿರು ಕಿಲುಬು ಪುಡಿ. ಉಪ್ಪುನೀರು ಎಳೆಗಳ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಏರುತ್ತದೆ. ಅದಕ್ಕೇ ತುದಿಗಳಿಗೆ ಲಗ್ಸ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ತುದಿ) ಹಾಕಿ ಸರಿಯಾದ ಟೂಲಿನಲ್ಲಿ ಒತ್ತಿ, ಮೇಲೆ ಒಳಗೆ ಗಮ್ ಇರುವ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಬರೀ ಸೋಲ್ಡರ್ ಮಾಡಿ ಬಿಟ್ಟರೆ ಇಂಜಿನ್ನಿನ ನಡುಕಕ್ಕೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರ್ ಮುರಿಯುತ್ತದೆ. ಸ್ಪೀಕರ್ ಗೂಡಿನ ಸಂದಿ ಮುಚ್ಚಲು ಸಿಲಿಕೋನ್ ಬಳಸುವುದಾದರೆ ವಿನೆಗರ್ ವಾಸನೆ ಬರುವುದು ಬೇಡವೇ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ತನ್ನಿ.

ಇನ್ನು ನೆಗೆಟಿವ್. ಕಾರಿನಲ್ಲಿ ಬಾಡಿಯ ಕಬ್ಬಿಣಕ್ಕೆ ಕೊಟ್ಟ ಹಾಗೆ ನೀವು ಕಪ್ಪು ವಯರನ್ನು ಕ್ಯಾಬಿನ್ನಿನ ಕಬ್ಬಿಣದ ಆಂಗಲ್‌ಗೆ ಬೋಲ್ಟ್ ಹಾಕಿ ಬಿಗಿದಿದ್ದೀರಿ. ದಯವಿಟ್ಟು ಇವತ್ತೇ ಬಿಚ್ಚಿ. ಕಾರು ನೆಲದ ಮೇಲೆ ಓಡುತ್ತದೆ, ಬೋಟು ಉಪ್ಪುನೀರಿನಲ್ಲಿ ನಿಂತಿರುತ್ತದೆ. ಹಲ್ ಮೂಲಕ, ಅಂದರೆ ಬೋಟಿನ ಹೊರಮೈಯ ಕಬ್ಬಿಣದ ಮೂಲಕ, ಕರೆಂಟ್ ಹರಿದರೆ ಅದು ನೀರಿಗೂ ದಾರಿ ಹುಡುಕುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೋ ಆ ಲೋಹವನ್ನು ತಿನ್ನುತ್ತದೆ. ತುಕ್ಕಿನಿಂದ ಕಾಯಲು ಕೆಳಗೆ ಹೊಡೆದ ಜಿಂಕ್ ಪ್ಲೇಟ್ ಬೇಗ ಕರಗುತ್ತದೆ, ಆಮೇಲೆ ಪ್ರೊಪೆಲ್ಲರ್, ಶಾಫ್ಟ್, ಹೊರಮೈಯ ಶೀಟು. ಒಂದು ಆಂಪ್ಲಿಫೈಯರಿಗೋಸ್ಕರ ಬೋಟಿನ ಹೊಟ್ಟೆ ತೂತು ಮಾಡುವುದು ಯಾರಿಗೂ ಬೇಡ. ಸ್ಟೀಲ್ ಬೋಟ್ ಆಗಲಿ, ಫೈಬರ್ ಆಗಲಿ, ಮರದ್ದಾಗಲಿ, ನೆಗೆಟಿವ್ ವಯರ್ ಪಾಸಿಟಿವ್‌ನಷ್ಟೇ ದಪ್ಪದ್ದು ಬ್ಯಾಟರಿಯ ನೆಗೆಟಿವ್ ತನಕ ಹಿಂದೆ ಹೋಗಬೇಕು.

ಆ ಕುಂಯ್ ಸ್ವರದ ಅರ್ಧ ಭಾಗ ಇದರಿಂದಲೇ ಹೋಗಬಹುದು. ಉಳಿದರೆ ಹೀಗೆ ಹುಡುಕಿ. ಇಂಜಿನ್ ಓಡುತ್ತಿರಲಿ. ಆಂಪ್ ಆಫ್ ಮಾಡಿ ಆರ್‌ಸಿಎ ಪಿನ್ನು, ಅಂದರೆ ಆಂಪಿಗೆ ಹಾಡು ತರುವ ವಯರು, ಕಿತ್ತು ಮತ್ತೆ ಆನ್ ಮಾಡಿ. ಸ್ವರ ಹೋಯಿತಾ? ಹಾಗಾದರೆ ಅದು ಹಾಡು ಬರುವ ದಾರಿಯಲ್ಲಿ ಬರುತ್ತಿದೆ. ಪಿನ್ನು ಕಿತ್ತರೂ ಉಳಿದರೆ ಪವರ್ ವಯರಿನ ಕಡೆ ನೋಡಿ. ನೀವು ಮೊಬೈಲಿನಿಂದ ಆಕ್ಸ್ ವಯರಿನಲ್ಲಿ ಹಾಡು ಕೊಡುತ್ತೀರಿ, ಅದೇ ಮೊಬೈಲ್ ಬೋಟಿನ ಯುಎಸ್‌ಬಿ ಚಾರ್ಜರಿನಲ್ಲಿ ಉಂಟು. ಚಾರ್ಜರ್ ಪಿನ್ ಕಿತ್ತು ನೋಡಿ. ನಾನು ನೋಡಿದ ಬೋಟುಗಳಲ್ಲಿ ಹೆಚ್ಚಿನ ಸಲ ಕಳ್ಳ ಸಿಕ್ಕಿದ್ದು ಅಲ್ಲೇ: ಮೊಬೈಲಿಗೆ ನೆಗೆಟಿವ್ ಎರಡು ದಾರಿಯಲ್ಲಿ ಬಂದು ಸುತ್ತು ಆಗುತ್ತದೆ, ಆಲ್ಟರ್ನೇಟರಿನ ಗುಂಯ್‌ಗುಡುವಿಕೆ ಆ ಸುತ್ತಿನಲ್ಲಿ ಸೇರುತ್ತದೆ. ಪರಿಹಾರ, ಚಾರ್ಜರಿನ ನೆಗೆಟಿವನ್ನೂ ಆಂಪಿನ ನೆಗೆಟಿವ್ ಇರುವ ಜಾಗಕ್ಕೇ ತನ್ನಿ. ಆಗಲೂ ಹೋಗದಿದ್ದರೆ ಮಾತ್ರ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ಕಡಿಮೆ ಬೆಲೆಯದ್ದು ಬೇಸ್ ತಿಂದುಹಾಕುತ್ತದೆ.

ಪ್ರೊಟೆಕ್ಟ್ ಲೈಟಿಗೆ ಇನ್ನೊಂದು ಕಾರಣವೂ ಫೋಟೋದಲ್ಲಿ ಉಂಟು. ಡೆಕ್ಕಿನ ಎರಡು ಸ್ಪೀಕರನ್ನು ಪ್ಯಾರಲಲ್ ಮಾಡಿ ಬ್ರಿಡ್ಜ್ ಮಾಡಿದ, ಅಂದರೆ ಎರಡನ್ನು ಸೇರಿಸಿ ಒಂದು ಮಾಡಿದ, ಚಾನೆಲ್ಲಿಗೆ ಕೊಟ್ಟಿದ್ದೀರಿ. 4 ಓಮಿನ ಎರಡು ಪ್ಯಾರಲಲ್ ಆದರೆ 2 ಓಮ್. ಬ್ರಿಡ್ಜ್ ಮಾಡಿದಾಗ ನಿಮ್ಮ ಆಂಪಿಗೆ 4 ಓಮಿಗಿಂತ ಕಡಿಮೆ ಕೊಡಬಾರದು. ನಾಲ್ಕು ಸ್ಪೀಕರ್, ನಾಲ್ಕು ಚಾನೆಲ್, ಒಂದಕ್ಕೊಂದು ಕೊಟ್ಟುಬಿಡಿ, ಮುಗಿಯಿತು. ಆಂಪನ್ನು ಬಂಕಿನ ಕೆಳಗೆ ಹಾಸಿಗೆಗೆ ತಾಗಿಸಿ ಇಟ್ಟದ್ದೂ ಸರಿಯಲ್ಲ. ಗೋಡೆಗೆ ಎತ್ತರದಲ್ಲಿ, ರೆಕ್ಕೆಗಳು ಮೇಲೆ ಕೆಳಗೆ ಬರುವ ಹಾಗೆ ನಿಲ್ಲಿಸಿ. ಬಿಸಿಗಾಳಿ ತಾನಾಗಿ ಮೇಲೆ ಹೋಗಲಿ.

ಈಗ ಗೇನ್. ಮಾರಾಯ್ರೆ, ಗೇನ್ ಅಂದರೆ ವಾಲ್ಯೂಮ್ ಅಲ್ಲ. ಮೊಬೈಲಿನಿಂದ ಬರುವ ಸಿಗ್ನಲ್ ಎಷ್ಟು ದೊಡ್ಡದಿದ್ದಾಗ ಆಂಪು ತನ್ನ ಪೂರ್ತಿ ಶಕ್ತಿ ಕೊಡಬೇಕು ಅಂತ ಹೊಂದಿಸುವ ತಿರುಪು ಅದು. ಕೊನೆಗೆ ತಿರುಗಿಸಿದರೆ ಆಂಪಿನ ಶಕ್ತಿ ಹೆಚ್ಚುವುದಿಲ್ಲ. ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸ್ಪೀಕರಿನ ಕಾಯಿಲ್ ಸುಡುತ್ತದೆ, ಇಂಜಿನ್ನಿನ ಗಲಾಟೆಯೂ ದೊಡ್ಡದಾಗಿ ಕೇಳುತ್ತದೆ.

ನಾನು ಮಾಡುವ ಕ್ರಮ ಇದು. ಎಲ್ಲ ಸ್ಪೀಕರ್ ವಯರ್ ಬಿಚ್ಚಿ, ತುದಿ ಒಂದಕ್ಕೊಂದು ತಾಗದ ಹಾಗೆ ಇಡಿ. ಗೇನ್ ಪೂರ್ತಿ ಕಡಿಮೆ, ಬೇಸ್ ಬೂಸ್ಟ್ ಸೊನ್ನೆ, ಫಿಲ್ಟರ್ ಆಫ್. ಮೊಬೈಲಿನ ಈಕ್ವಲೈಜರ್ ಕೂಡ ಆಫ್. ಮೊಬೈಲಿನಲ್ಲಿ 400 ಹರ್ಟ್ಸ್‌ನ ಟೋನ್ ಹಾಕಿ, 0 ಡೆಸಿಬೆಲ್ ಲೆವೆಲ್ಲಿನದ್ದು. ಹೆಚ್ಚಿನವರು 1000 ಹರ್ಟ್ಸ್ ಹಾಕುತ್ತಾರೆ, ಆದರೆ ಸಣ್ಣ ಬೆಲೆಯ ಮಲ್ಟಿಮೀಟರ್ ಎಸಿಯಲ್ಲಿ ಸರಿಯಾಗಿ ಓದುವುದು 400ರವರೆಗೆ ಮಾತ್ರ. ಮೊಬೈಲ್ ವಾಲ್ಯೂಮ್ ಮುಕ್ಕಾಲಿನಿಂದ ಸ್ವಲ್ಪ ಮೇಲೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಚಾನೆಲ್ಲಿನ ಪ್ಲಸ್ ಮೈನಸ್‌ಗೆ ಕೊಡಿ. ಎಷ್ಟು ಬರಬೇಕು? ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200ರ ವರ್ಗಮೂಲ, 14.1 ವೋಲ್ಟ್. ಆದರೆ ನಿಮ್ಮ ಡೆಕ್ಕಿನ ಸ್ಪೀಕರ್ 40 ವ್ಯಾಟಿನದ್ದು, ಹಾಗಾಗಿ ಆ ಚಾನೆಲ್ಲುಗಳಿಗೆ 160ರ ವರ್ಗಮೂಲ, 12.6 ವೋಲ್ಟ್. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ನಿಲ್ಲಿಸಿ. ಸ್ಕ್ರೂಡ್ರೈವರಿನಲ್ಲಿ ನಿಧಾನ ತಿರುಗಿಸಿ. ಆ ಅಂಕೆ ಬಂದಲ್ಲಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಇಲ್ಲದಿದ್ದರೆ ಯಾರಾದರೂ ಒಬ್ಬರು ಮತ್ತೆ ಕೊನೆಗೆ ತಿರುಗಿಸಿಯೇ ತಿರುಗಿಸುತ್ತಾರೆ. ಇದೆಲ್ಲ ಕನ್ವರ್ಟರ್ ಹಾಕಿದ ಮೇಲೆ ಮಾಡಿ, ಈಗಿನ ಕಡಿಮೆ ವೋಲ್ಟಿನಲ್ಲಿ ಮಾಡಿದ ಸೆಟ್ಟಿಂಗಿಗೆ ಅರ್ಥ ಇಲ್ಲ.

ಆಮೇಲೆ ಆಂಪ್ ಆಫ್ ಮಾಡಿ ಸ್ಪೀಕರ್ ಜೋಡಿಸಿ, ತೀರಾ ಕೆಳಗಿನ ಬೇಸ್ ತಡೆಯುವ ಹೈ ಪಾಸ್ ಫಿಲ್ಟರ್ ಆನ್ ಮಾಡಿ 80 ಹರ್ಟ್ಸ್ ಇಡಿ. ಡೆಕ್ಕಿನದ್ದು 100 ಆದರೂ ಸರಿ. ತೆರೆದ ಗಾಳಿಯಲ್ಲಿ ಆರೂವರೆ ಇಂಚಿನ ಸ್ಪೀಕರಿನಿಂದ ಕಾರಿನೊಳಗಿನ ಬೇಸ್ ಬರುವುದಿಲ್ಲ. ಬೇಸ್ ಬೂಸ್ಟ್ 6 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು, 12 ಏರಿಸಿದರೆ ಹದಿನಾರು ಪಟ್ಟು. ಎಲ್ಲಿಂದ ತರುತ್ತೀರಿ?

ಇಂಜಿನ್ ಸದ್ದಿನಲ್ಲಿ ಹಾಡು ಕೇಳಬೇಕು ಅಂದರೆ ಸ್ಪೀಕರನ್ನೇ ಜನರ ಹತ್ತಿರ ತನ್ನಿ. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ತೆರೆದ ಡೆಕ್ಕಿನಲ್ಲಿ 4 ಮೀಟರ್ ದೂರದ ಸ್ಪೀಕರನ್ನು 2 ಮೀಟರಿಗೆ ತಂದರೆ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ದೊಡ್ಡ ಆಂಪ್ ತಂದಷ್ಟು, ಒಂದು ಪೈಸೆ ಖರ್ಚಿಲ್ಲದೆ. ಈಗ ಕ್ಯಾಬಿನ್ನಿನ ಹಿಂಗೋಡೆಯಲ್ಲಿರುವ ಎರಡನ್ನೂ ಬಲೆ ಎಳೆಯುವ ಜಾಗದ ಮೇಲೆ, ತಲೆಯಿಂದ ಎತ್ತರದಲ್ಲಿ, ಮುಖ ಸ್ವಲ್ಪ ಕೆಳಗೆ ಬಾಗಿಸಿ ಕಟ್ಟಿ. ನೀರೂ ಒಳಗೆ ನಿಲ್ಲುವುದಿಲ್ಲ.

ಕೊನೆಗೆ ಕ್ಯಾಬಿನ್ನಿನ ಎರಡು ವಿಷಯ, ಇವುಗಳಲ್ಲಿ ರಾಜಿ ಬೇಡ. ಸ್ಪೀಕರಿನ ಮ್ಯಾಗ್ನೆಟ್ ದಿಕ್ಸೂಚಿಯನ್ನು ತಪ್ಪಿಸುತ್ತದೆ. ಜಿಪಿಎಸ್ ಇದ್ದರೂ ಅದು ಕೈಕೊಟ್ಟ ದಿನ ಬೋಟ್ ನಡೆಸುವ ತಾಂಡೇಲರು ನೋಡುವುದು ದಿಕ್ಸೂಚಿಯನ್ನೇ. ಸ್ಪೀಕರನ್ನು ಕೈಯಲ್ಲಿ ಹಿಡಿದು ನಿಧಾನ ಹತ್ತಿರ ತನ್ನಿ, ಮುಳ್ಳು ಅಲುಗಿದ ಜಾಗದಿಂದ ಇನ್ನೂ ಸಾಕಷ್ಟು ಹಿಂದೆ ಕೂರಿಸಿ. ಒಂದು ಮೀಟರಿಗಿಂತ ಹತ್ತಿರ ನಾನಂತೂ ಹಾಕುವುದಿಲ್ಲ. ಎರಡನೆಯದು, ಬೋಟುಗಳು ಮಾತಾಡುವ ರೇಡಿಯೋ, ವಿಎಚ್‌ಎಫ್. ಕನ್ವರ್ಟರ್ ರೇಡಿಯೋಗೆ ಗಲಾಟೆ ಕೊಡಬಹುದು. ಚಾನೆಲ್ 16ರಲ್ಲಿ ಇಟ್ಟು ಸ್ಕ್ವೆಲ್ಚ್ ನಾಬನ್ನು ಬುಸ್ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ತನ್ನಿ. ಈಗ ಕನ್ವರ್ಟರ್, ಆಂಪ್ ಆನ್ ಮಾಡಿ. ಬುಸ್ ಮತ್ತೆ ಶುರುವಾದರೆ ಕನ್ವರ್ಟರನ್ನು ದೂರ ಸರಿಸಿ, ಆಂಟೆನಾ ಕೇಬಲ್ ಪಕ್ಕದಲ್ಲಿ ಪವರ್ ವಯರ್ ಹೋಗದ ಹಾಗೆ ನೋಡಿ, ವಯರಿಗೆ ಗಲಾಟೆ ತಡೆಯುವ ಫೆರೈಟ್ ಕ್ಲಿಪ್ ಹಾಕಿ. ಹಾಡು ಒಂದೇ ಕೈಗೆ ನಿಲ್ಲುವ ಹಾಗೆ ವೀಲಿನ ಪಕ್ಕ ಒಂದು ಸ್ವಿಚ್ ಇರಲಿ. ಕಣ್ಣಿನಿಂದಲೂ ಕಿವಿಯಿಂದಲೂ ಕಾವಲು ಇರಬೇಕು ಅಂತ ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ 5ನೆಯದೇ ಹೇಳುತ್ತದೆ. ಮಂಜಿನಲ್ಲಿ ಇನ್ನೊಂದು ಬೋಟಿನ ಹಾರ್ನ್ ಕೇಳದೆ ಹೋಗಬಾರದು.

ಜುಲೈ 31ರವರೆಗೆ ಹೇಗೂ ಮೀನುಗಾರಿಕೆ ನಿಷೇಧ, ಬೋಟು ದಡದಲ್ಲೇ ಉಂಟಲ್ಲ. ಮೊದಲು ನಡುವಿನ ಕೊಂಡಿಯ ವಯರ್ ಮತ್ತು ಆಂಗಲ್‌ನ ಬೋಲ್ಟ್ ಬಿಚ್ಚಿ. ಆಮೇಲೆ ಎರಡು ಬ್ಯಾಟರಿಯ ವೋಲ್ಟನ್ನು ಬೇರೆ ಬೇರೆ ಅಳೆದು ಇಲ್ಲಿ ಹಾಕಿ, ಒಂದು ರಾತ್ರಿ ಚಾರ್ಜ್ ಇಲ್ಲದೆ ಬಿಟ್ಟ ಮೇಲೆ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ಕನ್ವರ್ಟರ್ ತರುವ ಮೊದಲು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಫುಲ್ ಚಾರ್ಜ್ ಮಾಡಿಸಬೇಕಾಗುತ್ತದೆ.