ಈಜುಕೊಳದ ತಳದ ಜಾಲರಿ ಅಲ್ಲಾಡುತ್ತಿದ್ದರೆ?

ಪ್ರಶ್ನೆ: 8 ವರ್ಷದ ಮಗಳು ಈಜು ಕಲಿಯುತ್ತಿದ್ದಾಳೆ. ಕೊಳದ ತಳದಲ್ಲಿರುವ ಜಾಲರಿ ಮೇಲೆ ಕೂರುವುದು ಅವಳಿಗೆ ಆಟ. ಮೊನ್ನೆ ಮುಟ್ಟಿ ನೋಡಿದೆ, ಒಂದು ಸ್ಕ್ರೂ ಇಲ್ಲ, ಅಲ್ಲಾಡುತ್ತಿದೆ. ನೋಡಿಕೊಳ್ಳುವವರಿಗೆ ಹೇಳಿದರೆ 'ಏನೂ ಆಗಲ್ಲ' ಅಂದರು. ನಿಜವಾಗ್ಲೂ ಅಪಾಯವಾ?

ಉತ್ತರ: ಹೌದು, ಅಪಾಯವೇ. ಜಾಲರಿ ಸರಿಯಾಗುವವರೆಗೆ ಮಗುವನ್ನು ಆ ಕೊಳಕ್ಕೆ ಇಳಿಸಲೇಬೇಡಿ. ಆ ಜಾಲರಿಯ ಹಿಂದೆ ಪಂಪು ನೀರು ಎಳೆಯುತ್ತಿರುತ್ತದೆ; ಮಗುವಿನ ಬೆನ್ನೋ ಹೊಟ್ಟೆಯೋ ಆ ಬಾಯಿಯನ್ನು ಪೂರ್ತಿ ಮುಚ್ಚಿತು ಅಂದರೆ ನೂರು ಕಿಲೋಗಿಂತ ಜಾಸ್ತಿ ಬಲದಲ್ಲಿ ಅಂಟಿಕೊಳ್ಳಬಹುದು, ಗಟ್ಟಿ ಆಳು ಎಳೆದರೂ ಬರುವುದಿಲ್ಲ. ಉದ್ದ ಕೂದಲು ಒಳಗೆ ಹೋಗಿ ಗಂಟಾಗುವುದೂ ಉಂಟು, ಅದಕ್ಕೇ ಜಡೆ ಕಟ್ಟಿ ಟೋಪಿ ಹಾಕಿ. ಅಮೆರಿಕದಲ್ಲಿ 2002ರಲ್ಲಿ 7 ವರ್ಷದ ಹುಡುಗಿ ಹೀಗೇ ಬಿಸಿನೀರಿನ ತೊಟ್ಟಿಯ ತಳಕ್ಕೆ ಸಿಕ್ಕಿ ಸತ್ತಳು. 2007ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು.

ಕೊಳದವರನ್ನು ಬಿಡದೆ ಕೇಳಿ: ಜಾಲರಿ ಮುಚ್ಚಳ ಉಬ್ಬಿದ್ದಾ, ಚಪ್ಪಟೆನಾ? ಉಬ್ಬಿದ್ದರೆ ಮೈ ಅದನ್ನು ಪೂರ್ತಿ ಮುಚ್ಚುವುದು ಕಷ್ಟ. ಒಂದೇ ಪಂಪಿಗೆ ಕನಿಷ್ಠ 3 ಅಡಿ ದೂರದಲ್ಲಿ ಎರಡು ಬಾಯಿ ಇವೆಯಾ? ಎರಡಿದ್ದರೆ ಒಂದು ಮುಚ್ಚಿದರೂ ಇನ್ನೊಂದು ನೀರು ಎಳೆಯುತ್ತದೆ, ಹಿಡಿತ ಬಿಗಿಯುವುದಿಲ್ಲ. ಪಂಪಿನ ಸ್ವಿಚ್ ಎಲ್ಲಿದೆ ಅಂತ ಅಲ್ಲಿನ ಕಾವಲಿನವರಿಗೆ ಗೊತ್ತಿರಬೇಕು, ಇದು ತುಂಬಾ ಮುಖ್ಯ. ಯಾರಾದರೂ ಸಿಕ್ಕಿಕೊಂಡರೆ ಮೊದಲು ಪಂಪು ಆಫ್ ಮಾಡಬೇಕು. ಸುಮ್ನೆ ಮೇಲಕ್ಕೆ ಜಗ್ಗಬಾರದು. ಮೈಗೂ ಜಾಲರಿಗೂ ನಡುವೆ ಬೆರಳು ತೂರಿಸಿ, ಪಕ್ಕಕ್ಕೆ ಹೊರಳಿಸಿ ಬಿಡಿಸಬೇಕು.

ಸ್ಕ್ರೂ ಇಲ್ಲದ ಜಾಲರಿಯ ಫೋಟೊ ತೆಗೆದು ದೂರನ್ನು ಬರೆದೇ ಕೊಡಿ.