ಮಗುವಿಗೆ ಏನು ನೆರವು ಬೇಕೆಂದು ಹೇಳಲು ಯಾವ ಓದು ಬೇಕು?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಬಿ.ಎ., ಬಿ.ಎಡ್. ಆಗಿದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕ್ಲಾಸಿನಲ್ಲಿ ಯಾವ ನೆರವು ಬೇಕು ಎಂದು ನೋಡಿ ಹೇಳುವ ಕೆಲಸ ಮಾಡುವ ಆಸೆ. ನನ್ನ ಬಿ.ಎಡ್. ಸಾಕಾ? ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಇದ್ದರೆ ಆಯಿತು ಅಂತ ಒಬ್ಬರು 18 ಸಾವಿರ ಕೇಳುತ್ತಿದ್ದಾರೆ.

ಉತ್ತರ: ಮೇಡಂ, ಆ ದುಡ್ಡು ಕೊಡಬೇಡಿ. ಸಾಮಾನ್ಯ ಬಿ.ಎಡ್. ಕೂಡ ಇದಕ್ಕೆ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ, ಅದು ಒಪ್ಪಿದ ಸ್ಪೆಷಲ್ ಎಜುಕೇಶನ್ ಓದು ಬೇಕು. ಅದರಲ್ಲಿ ಡಿಪ್ಲೊಮಾ ಅಥವಾ ಸ್ಪೆಷಲ್ ಬಿ.ಎಡ್., ಎರಡೂ 2 ವರ್ಷದ್ದು. ಮುಗಿದ ಮೇಲೆ ಪರಿಷತ್ತಿನ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ (ಸಿಆರ್‌ಆರ್) ಹೆಸರು ಸೇರಿಸಿ ಸಿಆರ್‌ಆರ್ ನಂಬರ್ ತೆಗೆದುಕೊಳ್ಳಬೇಕು. ಅದಿಲ್ಲದೆ ಈ ಕೆಲಸ ಮಾಡಿದರೆ ಪರಿಷತ್ತಿನ 1992ರ ಕಾಯ್ದೆಯಲ್ಲಿ ಶಿಕ್ಷೆಯೇ ಇದೆ. ನಮಗೆ ಹತ್ತಿರ ಅಂದರೆ ಮೈಸೂರು. ಅಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವುಡು ಮಕ್ಕಳ ಕಲಿಕೆಗೆ ಸಂಬಂಧಿಸಿದ ಬಿ.ಎಡ್. ಇದೆ.

ಒಂದು ವಿಷಯ ತಲೆಯಲ್ಲಿರಲಿ. ಶೇಕಡಾ ಎಷ್ಟು ವೈಕಲ್ಯ ಅಂತ ಸರ್ಟಿಫಿಕೇಟ್ ಕೊಡುವವರು ಡಾಕ್ಟರು. ಕಿವಿ ಪರೀಕ್ಷೆ ಆಡಿಯಾಲಜಿಸ್ಟ್ ಕೆಲಸ, ಬುದ್ಧಿ ಪರೀಕ್ಷೆ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ, ಅವರ ಓದೇ ಬೇರೆ. ಆ ಕಾಗದಗಳನ್ನೆಲ್ಲ ಇಟ್ಟುಕೊಂಡು ಈ ಮಗು ಈ ಕ್ಲಾಸಿನಲ್ಲಿ ಕಲಿಯಲು ಏನು ಬೇಕು ಅಂತ ಹೇಳುವುದು ನಿಮ್ಮ ಪಾಲು.

ಇದನ್ನು ನಾನು ಕಲಿತದ್ದು ಪೊನ್ನಂಪೇಟೆ ಕಡೆಯ ಒಂದು ಶಾಲೆಯಲ್ಲಿ. ಅಲ್ಲಿನ ಒಬ್ಬ ಹುಡುಗಿಯ ಕಿವಿ ಸ್ವಲ್ಪ ಮಂದ ಅಂತ ಬೇಸಿಗೆಯಲ್ಲಿ ಪರೀಕ್ಷೆಯ ಕಾಗದದಲ್ಲಿ ಬರೆದಿದ್ದರು, ಅಷ್ಟೇ. ಜುಲೈನಲ್ಲಿ ಹೋಗಿ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಟೀಚರ್ ಮಾತು ನನಗೇ ಕೇಳಲಿಲ್ಲ. ಅವಳು ಪಕ್ಕದವಳ ನೋಟ್ಸ್ ನೋಡಿ ಅಕ್ಷರದ ಚಿತ್ರ ಬಿಡಿಸುತ್ತಿದ್ದಳು. ಮುಂದಿನ ಬೆಂಚಿಗೆ ಕರೆತಂದು, ಟೀಚರಿಗೆ ಅವಳ ಕಡೆ ಮುಖ ಮಾಡಿ ಪಾಠ ಮಾಡಿ ಅಂದೆವು. ಬೋರ್ಡಿಗೆ ತಿರುಗಿ ಮಾತಾಡಿದರೆ ತುಟಿ ಕಾಣುವುದಿಲ್ಲ ಅಲ್ವಾ?

ಭಾಷೆಯದ್ದೂ ಹಾಗೇ. ಕಾಫಿ ತೋಟದ ಲೈನ್ ಮನೆಯ ಯರವ ಬುಡಕಟ್ಟಿನ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ, ಸುಮ್ಮನಿದ್ದದ್ದಕ್ಕೆ ಬುದ್ಧಿ ಕಡಿಮೆ ಅಂತ ಬರೆದರೆ ಅದು ದೊಡ್ಡ ಅನ್ಯಾಯ. ಅಜ್ಜಿಯನ್ನೋ ಅಕ್ಕನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮನೆಮಾತಿನಲ್ಲೇ ಕೇಳಿಸಿ.

ಅರ್ಜಿ ಹಾಕುವ ಮೊದಲು ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ಅಲ್ಲಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಮಾತಾಡಿಸಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಅವರು ಹೋಗುತ್ತಾರೆ. ಒಂದು ದಿನ ಜೊತೆಗೆ ಬರಬಹುದಾ ಅಂತ ಕೇಳಿ ನೋಡಿ.