ಎಸಿಎಲ್ (ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಆಪರೇಷನ್ ಆಗಿ ಎರಡೂವರೆ ತಿಂಗಳಾಯಿತು, ನೋವಿಲ್ಲ. ಊರಹಬ್ಬದ ಕಬಡ್ಡಿ ಟೂರ್ನಿ ಆಡಬಹುದಾ?

ಬೇಡ. ಈ ಸಲದ ಟೂರ್ನಿ ಬಿಟ್ಟುಬಿಡಿ. ಊತ ಇಳಿದಿದೆ, ಮೆಟ್ಟಿಲು ಆರಾಮಾಗಿ ಹತ್ತುತ್ತಿದ್ದೇನೆ ಅಂತ ಬರೆದಿದ್ದೀರಿ. ನನಗೆ ಭಯವಾಗಿದ್ದು ಅದನ್ನು ಓದಿಯೇ.

ನಾನೂ ರೈಡರ್. ರೈಡ್ ಮುಗಿಸಿ ತಿರುಗುವಾಗ ಕಾರ್ನರ್‌ನಲ್ಲಿದ್ದವನು ಎಡಗಾಲಿಗೆ ಆಂಕಲ್ ಹೋಲ್ಡ್ ಹಾಕಿದ. ಪಾದ ಅಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಟಕ್ ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿಯಷ್ಟು ಊದಿತು. ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಅಂದರು, ಮನೆಯವರಿಗೆಲ್ಲ ಸಮಾಧಾನ. ಆದರೆ ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ ಅಲ್ವಾ? ಎಣ್ಣೆ, ಸೊಪ್ಪಿನ ಕಟ್ಟು ಅಂತ ಎರಡು ತಿಂಗಳು ಕಳೆದೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಮಂಡಿ ಜಾರಿ ಕುಸಿದುಬಿದ್ದೆ. ಆಮೇಲೆ ಎಂಆರ್‌ಐ, ಆಪರೇಷನ್.

ಈಗ ನಿಮ್ಮ ಮಂಡಿಯೊಳಗೆ ಏನಾಗುತ್ತಿದೆ ಅಂದರೆ, ಹರಿದ ಲಿಗಮೆಂಟ್ ಜಾಗದಲ್ಲಿ ಕೂರಿಸಿರುವ ಗ್ರಾಫ್ಟ್ ಹೆಚ್ಚಾಗಿ ನಮ್ಮದೇ ತೊಡೆಯ ಹಿಂದಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು. ಬೇರೆ ಕಡೆಯಿಂದ ತಂದಾಗ ಅದಕ್ಕೆ ರಕ್ತ ಬರುವ ದಾರಿ ಕಡಿದುಹೋಗಿರುತ್ತದೆ. ಹೊಸ ರಕ್ತನಾಳ ಬೆಳೆಯಬೇಕು, ಹಳೇ ಎಳೆ ಕರಗಿ ಹೊಸ ಎಳೆ ಹೆಣೆದುಕೊಳ್ಳಬೇಕು. ಎರಡು, ಮೂರನೇ ತಿಂಗಳಲ್ಲಿ ಈ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಗ್ರಾಫ್ಟ್ ಬಹಳ ದುರ್ಬಲವಾಗಿರುವುದೂ ಆಗಲೇ. ನೋವು ಹೋಗುವುದೂ ಅದೇ ಹೊತ್ತಿಗೆ. ಇದನ್ನು ನನ್ನ ಫಿಸಿಯೋ ಬಿಡಿಸಿ ಹೇಳದಿದ್ದರೆ ನಾನೂ ಮೂರನೇ ತಿಂಗಳಲ್ಲೇ ಅಂಗಳಕ್ಕೆ ಇಳಿಯುತ್ತಿದ್ದೆ.

"ರಾಹುಲ್ ನಾಲ್ಕು ತಿಂಗಳಲ್ಲಿ ವಾಪಸ್ ಬಂದ, ನೀನ್ಯಾಕೆ ಇನ್ನೂ ಕೂತಿದ್ದೀಯ?" ಅಂತ ನನ್ನನ್ನೂ ಕೇಳಿದರು. 2023ರ ಮೇ 1ರಂದು ಲಕ್ನೋದಲ್ಲಿ ಫೀಲ್ಡಿಂಗ್ ಮಾಡುವಾಗ ಪೆಟ್ಟಾದ ಕೆ.ಎಲ್. ರಾಹುಲ್, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 111 ಹೊಡೆದರು. ನೋಡುವಾಗ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ಅವರಿಗಾಗಿದ್ದು ತೊಡೆಯ ಪೆಟ್ಟು. ಎಸಿಎಲ್ ಲೆಕ್ಕವೇ ಬೇರೆ. 9 ತಿಂಗಳಿಗೆ ಮೊದಲು ಆಟಕ್ಕೆ ಮರಳಿದರೆ ಮತ್ತೆ ಹರಿಯುವ ಅಪಾಯ ಬಹಳ ಜಾಸ್ತಿ.

ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಹಾಯಾಗಿರುತ್ತದೆ ಅಂತ ಮಂಡಿ ಕೆಳಗೆ ದಿಂಬು ಇಟ್ಟು ಮಲಗುತ್ತಿದ್ದೆ. ಕಾಲು ಪೂರ್ತಿ ನೆಟ್ಟಗಾಗುವುದೇ ನಿಂತುಹೋಯಿತು. ಆಮೇಲೆ ಹಿಮ್ಮಡಿ ಕೆಳಗೆ ಟವೆಲ್ ಸುತ್ತಿಟ್ಟು, ದಿನಾ ಅದೇ ಕೆಲಸ. ಎಡತೊಡೆ ಬಲತೊಡೆಗಿಂತ 3 ಸೆಂಟಿಮೀಟರ್ ಸಣ್ಣಗಾಗಿತ್ತು. ಅದನ್ನು ತುಂಬಿಕೊಳ್ಳಲು ತಿಂಗಳುಗಟ್ಟಲೆ ಒಂಟಿಕಾಲಿನ ಸ್ಕ್ವಾಟ್, ಲೆಗ್ ಪ್ರೆಸ್. ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಬಲಗಾಲಿನ ದೂರದಲ್ಲಿ 90 ಪರ್ಸೆಂಟ್ ಆದರೂ ಎಡಗಾಲು ಮುಟ್ಟಬೇಕು ಅಂದಿದ್ದರು ಫಿಸಿಯೋ. ಅದನ್ನು ದಾಟಿದ್ದು ಹತ್ತನೇ ತಿಂಗಳಲ್ಲಿ.

ಹನ್ನೊಂದನೇ ತಿಂಗಳಲ್ಲಿ ಮ್ಯಾಟ್ ಮೇಲೆ ನಿಂತೆ. ಮಂಡಿ ಗಟ್ಟಿಯಾಗಿತ್ತು, ಮನಸ್ಸು ಆಗಿರಲಿಲ್ಲ. ಗೆಳೆಯನಿಗೆ ನಾನೇ ಹೇಳಿದೆ, ಎಡಗಾಲೇ ಹಿಡಿ, ಮೆಲ್ಲಗೆ ಹಿಡಿ ಅಂತ. ಅವನು ಮುಟ್ಟಿದ ಕೂಡಲೇ ಕಬಡ್ಡಿ ಕಬಡ್ಡಿ ಅನ್ನುವುದೇ ಮರೆತುಹೋಯಿತು. ಆ ಸಂಜೆ ಇಪ್ಪತ್ತು ಸಲ ಹಾಗೇ ಹಿಡಿಸಿಕೊಂಡೆ. ಕೊನೆಯ ಸಲ ಉಸಿರು ಬಿಡದೆ ಗೆರೆ ಮುಟ್ಟಿದೆ.

ನಿಮ್ಮ ಮಂಡಿ ಪೂರ್ತಿ ನೆಟ್ಟಗಾಗುತ್ತಾ? ಎರಡೂ ತೊಡೆ ಅಳೆಸಿದ್ದೀರಾ? ಬರೆಯಿರಿ.